ಸಿಡಿಲಿಗೆ ಹೋದ ಮದುವೆ

ಲೋನಪ್ಪನ್ ಅಲಮಾರಿಯ ಬಾಗಿಲು ಜಗ್ಗಿದ ರಭಸಕ್ಕೆ ಮೇಲಿನ ಖಾನೆಯಿಂದ ಎರಡು ಹಾರ್ಡ್‌ಡಿಸ್ಕ್ ಜಾರಿ, ಅವನ ಹೆಗಲಿಗೆ ಬಡಿದು ಹಾಸಿಗೆಯ ಮೇಲೆ ಬಿದ್ದವು.

"ಅಲ್ಲಲ್ಲ ಲೋನಪ್ಪಾ, ಕೆಳಗಿನ ಖಾನೆ ನೋಡು," ಎಂದಳು ತ್ರೇಸ್ಯ, ಗೋಡೆಗೊರಗಿ. "ಮೇಲಿರೋದೆಲ್ಲ ಊರವರ ಮದುವೆ. ನಮ್ಮವರ ಬಿಳಿ ಶರಟು ಕೆಳಗಿದೆ."

ಹೊರಗೆ ಚಪ್ಪರದಡಿ ಅವಳ ಗಂಡ ಇಟ್ಟೂಪನಿಗೆ ಶವಪೆಟ್ಟಿಗೆ ಬಂದಿತ್ತು. ಇರಿಂಞಾಲಕುಡದ ಪೇಟೆಯಲ್ಲಿ ಅವನೂ ಲೋನಪ್ಪನೂ ಕೂಡಿ ನಡೆಸುತ್ತಿದ್ದ ಫೋಟೊ ಸ್ಟುಡಿಯೊಗೆ ಇವತ್ತು ಬೀಗ.

"ಹಾಗಾದ್ರೆ ನಿಮ್ಮ ಸೀರೆಗಳೆಲ್ಲ ಎಲ್ಲಿ ಚೇಚಿ?"

"ಟ್ರಂಕಲ್ಲಿ. ಕಟ್ಕೊಂಡವಳಿಗೆ ಟ್ರಂಕು, ಕಂಡವರ ಮನೆ ಮದುಮಗಳಿಗೆ ಅಲಮಾರಿ. ಇದು ಸಾಲದು ಅಂತ ಪಾಲಕ್ಕಾಡಲ್ಲಿ ನಮ್ಮಣ್ಣನ ಮನೇಲೂ ಈ ಡಿಸ್ಕುಗಳದೇ ಇನ್ನೊಂದು ಜೊತೆ ಇಟ್ಟಿದಾರೆ. ಇಲ್ಲಿ ಬೆಂಕಿ ಬಿದ್ರೆ ಅಂತ." ನಗಲು ಹೋದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

\*

ವರ್ಷಗಳ ಹಿಂದೆ, ತುಲಾಮಾಸದ ಮಳೆಯಲ್ಲಿ ಒಂದು ಮಧ್ಯಾಹ್ನ ಸಿಡಿಲು ಬಡಿದು ಸ್ಟುಡಿಯೊದ ಕಂಪ್ಯೂಟರ್ ಸತ್ತಿತ್ತು. ಅದರೊಳಗೆ ರೀನಾ ಎಂಬ ಹುಡುಗಿಯ ಮದುವೆಯಿತ್ತು. ಬೇರೆ ಪ್ರತಿ ಇರಲಿಲ್ಲ. ಕ್ಯಾಮೆರಾದ ಕಾರ್ಡು ಅಳಿಸಿ ಮುಂದಿನ ಮದುವೆಗೆ ಬಳಸಿಯಾಗಿತ್ತು. ಎರ್ನಾಕುಳಂನ ರಿಪೇರಿಯವರು ಡಿಸ್ಕ್ ಬಿಚ್ಚಿ ನೋಡಿ ಕೈಚೆಲ್ಲಿದರು. ಅಷ್ಟರಲ್ಲಿ ರೀನಾಳ ಅಪ್ಪ ಹೃದಯಾಘಾತದಿಂದ ತೀರಿಕೊಂಡಿದ್ದ.

"ಮಣ್ಣು ಮಾಡಿದ ಅಪ್ಪನ್ನ ಇನ್ನೊಂದ್ಸಲ ಮಣ್ಣು ಮಾಡಿದ್ರಲ್ಲ!" ಅವಳು ಅಂಗಡಿಯ ಮುಂದೆ ನಿಂತು ಕೂಗಿದಳು.

ಅವಳು ಹೋದ ಮೇಲೆ ಲೋನಪ್ಪನ್ ಹೇಳಿದ್ದ: "ಸಿಡಿಲಿಗೆ ನಾವೇನು ಮಾಡೋಕಾಗುತ್ತೆ? ಕೈಮುಗಿದುಬಿಡೋಣ."

"ಬಡಿದದ್ದು ಸಿಡಿಲು. ಪ್ರತಿ ಮಾಡದೆ ಕೂತದ್ದು ನಾವಲ್ವೇನೋ," ಎಂದಿದ್ದ ಇಟ್ಟೂಪ್.

ಮಾರನೆಯ ದಿನದಿಂದ ಅವನು ಲ್ಯಾಪ್‌ಟಾಪ್ ಹೆಗಲಿಗೇರಿಸಿ, ಆ ಮದುವೆಗೆ ಬಂದಿದ್ದವರ ಮನೆ ಮನೆ ಹತ್ತಿದ. ಮೊಬೈಲುಗಳಲ್ಲಿದ್ದ ಮಸುಕು ಚಿತ್ರ, ಓರೆ ಚಿತ್ರ, ಯಾರದೋ ಬೆನ್ನ ಹಿಂದೆ ಅರ್ಧ ಕಂಡ ಮದುಮಗಳು, ಎಲ್ಲವನ್ನೂ ಬೇಡಿ ತಂದ. ಕೆಲವರು ಗದರಿಸಿ ಕಳಿಸಿದರು, ಕೆಲವರು ಊಟಕ್ಕೆ ಕೂರಿಸಿದರು. ಕೊನೆಗೆ ಅಡುಗೆಯವನ ಮೊಬೈಲಿನಲ್ಲಿ ರೀನಾಳ ಅಪ್ಪ ಸಿಕ್ಕ. ಹಂದಿಮಾಂಸದ ಉರುಳಿ ಪಾತ್ರೆಯ ಪಕ್ಕ ನಿಂತು ಬೆರಳು ನೆಕ್ಕುತ್ತ, "ಉಪ್ಪು ಕಮ್ಮಿ ಕಣೋ, ಇದು ನನ್ನ ಮಗಳ ಮದುವೆ!" ಎಂದು ನಗುವ ಪುಟ್ಟ ವಿಡಿಯೊ.

\*

ಪಾದ್ರಿ ಬರುವ ಮೊದಲೇ ರೀನಾ ಬಂದಳು. ಪೆಟ್ಟಿಗೆಯತ್ತ ಹೋಗದೆ ಚಪ್ಪರದ ಅಂಚಿನಲ್ಲೇ ನಿಂತಳು.

"ಪ್ರತಿ ವರ್ಷ ಅಪ್ಪನ ವರ್ಷಾಬ್ದಿಗೆ ಇಟ್ಟೂಪ್ ಚೇಟ ತಪ್ಪದೆ ಬರ್ತಿದ್ರು," ಎಂದಳು ಲೋನಪ್ಪನಿಗೆ. "ಹಳೇ ಡಿಸ್ಕ್ ಯಾವಾಗ ಕೈಕೊಡುತ್ತೋ ಅಂತ ಆ ಚಿತ್ರ, ವಿಡಿಯೊ ಎಲ್ಲ ಹೊಸದರಲ್ಲಿ ತುಂಬಿಸಿ ತರ್ತಿದ್ರು. ನಿಮಗೆ ಹೇಳಿರಲಿಲ್ವಾ?"

"ಇಲ್ಲ."

"ಸಾಕು ಚೇಟಾ ಅಂದ್ರೂ ಕೇಳ್ತಿರಲಿಲ್ಲ. ತೆರೆಯುತ್ತಾ ಇಲ್ವಾ ನೋಡಿಬಿಡೋಣ ಅಂತ ಕೂರೋರು. ಅಪ್ಪನ ದನಿ ಬಂದ ಕೂಡಲೇ ಎದ್ದು ಹೊರಗೆ ಹೋಗಿಬಿಡೋರು."

ಮುಚ್ಚಳ ಹಾಕುವ ಮುನ್ನ, ವಾಡಿಕೆಯಂತೆ, ಪೆಟ್ಟಿಗೆಯ ಸುತ್ತ ಮನೆಯವರ ಫೋಟೊ ತೆಗೆಯಬೇಕಿತ್ತು. ಮಕ್ಕಳಿಲ್ಲದ ಮನೆ, ಪೆಟ್ಟಿಗೆಯ ತಲೆಯ ಕಡೆ ತ್ರೇಸ್ಯ ಮತ್ತು ಅವಳ ಅಣ್ಣ ನಿಂತರು. ಲೋನಪ್ಪನ್ ಕ್ಯಾಮೆರಾ ಎತ್ತಿದ.

"ತಡಿ," ಎಂದು ತ್ರೇಸ್ಯ ಚಪ್ಪರದ ಅಂಚಿಗೆ ನಡೆದು ರೀನಾಳ ರಟ್ಟೆ ಹಿಡಿದಳು.

"ನಾನು ಮನೆಯವಳಲ್ಲ ಚೇಚಿ."

"ಸುಮ್ನೆ ಬಾ."

ರೀನಾ ಚಪ್ಪಲಿ ಕಳಚಿ ಬಂದು ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ ನಿಂತಳು. ಬಿಳಿ ಕಾಲುಚೀಲ ತೊಡಿಸಿದ್ದ ಇಟ್ಟೂಪನ ಪಾದಗಳನ್ನು ಎರಡೂ ಕೈಯಿಂದ ಹಿಡಿದುಕೊಂಡು, ಕ್ಯಾಮೆರಾದತ್ತ ಮುಖ ಎತ್ತಿದಳು.