ಬಾಕ್ಸಿನಲ್ಲಿ ಹಿಡಿಯದ ಮಾತು

ನಮ್ಮತ್ತೆ ನನ್ನೊಡನೆ ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಒಂದೇ ಸೂರಿನಡಿ ಇದ್ದುಕೊಂಡು ಮಾತು ಬಿಡುವುದು ಸುಲಭದ ಕೆಲಸವಲ್ಲ, ಆದರೆ ಅವರದು ಪಳಗಿದ ಕೈ. ನಾನು ಎದುರಿಗೇ ತಟ್ಟೆ ಹಿಡಿದು ಕೂತಿದ್ದರೂ ಮಗಳ ಕಡೆ ತಿರುಗಿ, "ಇನ್ನೊಂಚೂರು ಬಡಿಸಬೇಕಾ ಕೇಳಮ್ಮ" ಎನ್ನುವರು. ನಡುವೆ ಸಿಕ್ಕ ನನ್ನ ಹೆಂಡತಿ, "ಚೀಟಿ ಬರ್ಕೊಳ್ಳಿ ಇಬ್ರೂ" ಎಂದು ಎದ್ದು ಹೋಗುವಳು.

ತಪ್ಪು ನನ್ನದೇ. ನಾನೊಂದು ಮಾಸಪತ್ರಿಕೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಪುಟ ಕಟ್ಟುವವನು. ಅತ್ತೆ ಹೊಲಿಗೆ ಟೀಚರಾಗಿ ನಿವೃತ್ತರಾದವರು. ಹಳೇ ಬಟ್ಟೆಯಿಂದ ಏನೇನು ಮಾಡಬಹುದು ಎಂದು ನಮ್ಮ ಪತ್ರಿಕೆಗೆ ಹನ್ನೊಂದು ವರ್ಷದಿಂದ ತಿಂಗಳಿಗೊಂದು ಪುಟ ಬರೆಯುತ್ತಾರೆ. ಮಾವ ತೀರಿಕೊಂಡ ಮೇಲೆ ಮಾವನ ಅಂಗಿಗಳ ಬಗ್ಗೆ ಬರೆದರು. ಆ ಸಲ ಕೊನೇ ಗಳಿಗೆಯಲ್ಲಿ ಹಾಸಿಗೆ ಅಂಗಡಿಯ ಜಾಹೀರಾತು ಎರಡು ಅಂಗುಲ ಬೆಳೆಯಿತು. ನಾನು ಪರದೆಯ ಮೇಲೆ ಬರಹ ಕೂರುವ ಚೌಕಟ್ಟನ್ನು, ಅಂದರೆ ಬಾಕ್ಸನ್ನು, ಮೇಲಕ್ಕೆ ಕುಗ್ಗಿಸಿದೆ. ಹಿಡಿಯದೇ ಹೋದ ಸಾಲುಗಳು ಅಳಿಸಿಹೋಗುವುದಿಲ್ಲ, ಬಾಕ್ಸಿನೊಳಗೇ ಅಡಗಿ ಕೂರುತ್ತವೆ. ಮೂಲೆಯಲ್ಲೊಂದು ಕೆಂಪು ಗುರುತು ಬರುತ್ತದೆ, ಅಚ್ಚಾದಾಗ ಅದೂ ಕಾಣುವುದಿಲ್ಲ. ಹೀಗೆ, ಗಂಡನನ್ನು ಕಳೆದುಕೊಂಡ ಹೆಂಗಸಿನ ಬರಹ "ನೀಲಿ ಅಂಗಿಯಿಂದ ಎರಡು ದಿಂಬಿನ ಕವರು ಆಯಿತು" ಎಂಬಲ್ಲಿ ಮುಗಿಯಿತು. ಅದರ ಕೆಳಗೇ ಹಾಸಿಗೆ ಜಾಹೀರಾತು.

"ಅಳಿಯಂದ್ರೇ, ಮಿಕ್ಕಿದ್ದೆಲ್ಲಿ?" ಎಂದಿದ್ದರು ಅತ್ತೆ, ಪತ್ರಿಕೆ ಕೈಗೆ ಬಂದ ದಿನ.

"ಜಾಗ ಇರ್ಲಿಲ್ಲ ಅತ್ತೆ. ಮುಖ್ಯವಾದದ್ದೆಲ್ಲ ಬಂದಿದೆಯಲ್ಲ" ಎಂದೆ. ಅವತ್ತೇ ಕೊನೆ.

ಈಚೆಗೆ ನಮ್ಮ ಸಂಪಾದಕರಿಗೆ ಹಳೇ ಸಂಚಿಕೆಗಳನ್ನೆಲ್ಲ ವೆಬ್‌ಸೈಟಿಗೆ ಏರಿಸುವ ಹುಮ್ಮಸ್ಸು ಬಂತು. "ಫೈಲು ಇದ್ದೇ ಇದೆಯಲ್ಲಪ್ಪ, ಒಂದು ಬಟನ್ ಒತ್ತಿದ್ರೆ ಆಯ್ತು" ಎಂದರು. ಹೇಳುವವರಿಗೇನು ಕಷ್ಟ? ಬಟನ್ ಒತ್ತಿದರೆ ಪುಟದ ಸಂಖ್ಯೆ ಬಂದು ವಾಕ್ಯದ ನಡುವೆ ಕೂರುತ್ತದೆ, ಚಿತ್ರದ ಅಡಿಯ ಸಾಲು ತಲೆಬರಹದ ನೆತ್ತಿ ಹತ್ತುತ್ತದೆ. ಮೂರು ವಾರ ಒಂದೊಂದು ಬರಹಕ್ಕೂ ಇದು ತಲೆ, ಇದು ಮೈ ಎಂದು ಗುರುತು ಹಾಕುತ್ತ ಹೋದೆ. ಪ್ರೂಫ್ ನೋಡುವ ಮೇಷ್ಟ್ರು ನನ್ನ ಹಿಂದೆಯೇ ಓದುತ್ತ ಬಂದರು.

ಒಂದು ಮಧ್ಯಾಹ್ನ ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿಮ್ಮತ್ತೆ ಬರಹ ದಿಂಬಿಗೇ ಮುಗಿಯಲ್ಲ ಕಣಯ್ಯ. ಬಾ ಇಲ್ಲಿ."

ವೆಬ್ ಪುಟಕ್ಕೆ ಬಾಕ್ಸಿನ ಹಂಗಿಲ್ಲ. ಅಡಗಿದ್ದದ್ದೆಲ್ಲ ಹೊರಗೆ ಬಂದಿತ್ತು.

"ಕೊನೆಯ ನಾಲ್ಕು ತಿಂಗಳು ಯಜಮಾನರ ಕೈ ನಡುಗುತ್ತಿತ್ತು. ನನ್ನ ಕೈಲಿ ಗುಂಡಿ ಹಾಕಿಸಿಕೊಳ್ಳಲು ಅವರಿಗೆ ನಾಚಿಕೆ. ದಿನಾ ಬೆಳಿಗ್ಗೆ ನಮ್ಮ ಅಳಿಯ ಬಂದು, ಏನೇನೋ ಹರಟುತ್ತ, ಗೊತ್ತೇ ಆಗದಂತೆ ಗುಂಡಿ ಹಾಕಿ ಕೆಲಸಕ್ಕೆ ಹೋಗುತ್ತಿದ್ದರು. ಇದನ್ನು ಅವರೆದುರು ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಪುಟ ಕಟ್ಟುವವರು ಅವರೇ, ಮೊದಲು ಓದುವವರೂ ಅವರೇ."

ಮೊದಲು ಓದುವವನಂತೆ! ನಾವು ಓದುವುದಿಲ್ಲ, ಅಳೆಯುತ್ತೇವೆ. ಹನ್ನೊಂದು ವರ್ಷದಲ್ಲಿ ಅತ್ತೆಯ ಒಂದು ಬರಹವನ್ನೂ ನಾನು ಓದಿದವನಲ್ಲ. ಓದಿಯೂ ಕತ್ತರಿಸಿದೆ ಎಂದು ಅವರು ತಿಳಿದಿದ್ದರು. ಮೇಲೆ, ಮುಖ್ಯವಾದದ್ದೆಲ್ಲ ಬಂದಿದೆ ಎಂದು ನನ್ನ ಬಾಯಿಂದಲೇ ಕೇಳಿದ್ದರು. ಆ ಜೀವ ಎಷ್ಟು ನೊಂದಿರಬೇಡ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಹೊಗಳಿಕೆ ಬೇಡ ಅಂತ ಸಂಕೋಚಕ್ಕೆ ತೆಗೆದೆ ಅಂದ್ಬಿಡು" ಎಂದರು ಮೇಷ್ಟ್ರು. "ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಸಂಜೆ ಮನೆಗೆ ಹೋದಾಗ ಅತ್ತೆ ಒಬ್ಬರೇ ಕಿಟಕಿಯ ಬಳಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಮೊಬೈಲಿನಲ್ಲಿ ಆ ಪುಟ ತೆರೆದು ಅವರ ಮುಂದೆ ಹಿಡಿದೆ. ಕೊನೆಯವರೆಗೂ ನೋಡಿ, "ಆಗ ಬೇಡವಾಗಿದ್ದು ಈಗ ಬೇಕಾಯ್ತಾ ಕೇಳಮ್ಮ" ಎಂದರು. ಮಗಳು ಮನೆಯಲ್ಲೇ ಇರಲಿಲ್ಲ, ಗೋಡೆಗೆ ಹೇಳಿದರು.

ಮೇಷ್ಟ್ರ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಒಳ್ಳೆಯ ಅಳಿಯನೂ ಆಗುತ್ತಿದ್ದೆ. ಆದರೆ ಆ ಸಾಲುಗಳನ್ನು ಓದಿದ ಯಾವನಿಗೆ ತಾನೇ ತೆಗೆಯಲು ಮನಸ್ಸು ಬಂದೀತು?

"ನಾನು ಓದಿರ್ಲಿಲ್ಲ ಅತ್ತೆ" ಎಂದೆ. "ಇದೊಂದೇ ಅಲ್ಲ, ನಿಮ್ಮ ಯಾವುದನ್ನೂ ಓದಿಲ್ಲ. ಓದಿದ್ದಿದ್ರೆ ಜಾಹೀರಾತನ್ನೇ ಕಿತ್ತು ಹಾಕ್ತಿದ್ದೆ."

ಅತ್ತೆ ಸೂಜಿ ಕೆಳಗಿಟ್ಟರು. "ನೀವು ಓದ್ತೀರಿ ಅಂತ ಹನ್ನೊಂದು ವರ್ಷ ಎರಡೆರಡು ಸಲ ತಿದ್ದಿ ಬರೆದೆನಲ್ರೀ!" ಎಂದು ನನ್ನ ಮುಖಕ್ಕೇ ಗದರಿದರು. ಬೈಗುಳವಾದರೂ ಎಂಟು ತಿಂಗಳ ಮೇಲೆ ನನಗೇ ಆಡಿದ ಮಾತು, ನನಗೆ ಹಿತವೆನಿಸಿತು.

"ಕೂತ್ಕೊಳ್ಳಿ. ಈಗ ಓದಿ. ಗಟ್ಟಿಯಾಗಿ."

ಓದಿದೆ. ಕತ್ತರಿ ಹಾಕಿದ್ದು, ಹೊಲಿದದ್ದು, ದಿಂಬು, ಎಲ್ಲ ಸಲೀಸಾಗಿ ಬಂತು. "ಯಜಮಾನರ ಕೈ ನಡುಗುತ್ತಿತ್ತು" ಎಂಬಲ್ಲಿ ಮಾವನ ಕೈ ಕಣ್ಣಿಗೆ ಕಟ್ಟಿತು. ಎಷ್ಟು ಹೆಣಗಿದರೂ ಮುಂದಿನ ಸಾಲು ಹೊರಡಲಿಲ್ಲ.

ಅತ್ತೆ ಮೊಬೈಲನ್ನು ನನ್ನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು.

"ನನ್ನ ಕೈಲಿ ಗುಂಡಿ ಹಾಕಿಸ್ಕೊಳ್ಳೋಕೆ ಅವರಿಗೆ ನಾಚಿಕೆ" ಎಂದರು, ನನ್ನನ್ನೇ ನೋಡುತ್ತ. "ನೀವು ದಿನಾ ಬೆಳಿಗ್ಗೆ ಬಂದು ಹಾಕ್ತಿದ್ರಿ. ನಾನು ಬಾಗಿಲ ಹಿಂದೆ ನಿಂತು ನೋಡ್ತಿದ್ದೆ."

ಈ ಕೊನೇ ಮಾತು ಬರಹದಲ್ಲಿರಲಿಲ್ಲ.