ಹತ್ತು ಎಣಿಸಿ ಬ್ರೇಕು

ಐವತ್ತೆಂಟನೇ ಇಸವಿ. ನನ್ನ ಮಗಳು ಹಜೀರಾಬಿಯನ್ನು ನಾನೇ ಕಾಲೇಜಿನಿಂದ ಬಿಡಿಸಿದೆ. ಮತ್ತೇನು ಮಾಡಲಿ? ದಾವಣಗೆರೆಯಿಂದ ಹರಿಹರಕ್ಕೆ ಬಳೆ ಒಯ್ದು ಮಾರುವವಳು ನಾನು. ಅರ್ಧ ಬಳೆ ಬಸ್ಸಿನಲ್ಲೇ ಒಡೆದುಹೋದರೆ ಅವಳ ಫೀಸು ಎಲ್ಲಿಂದ ತರಲಿ? "ಇವತ್ತಿಂದ ನೀನೂ ಒಂದು ಮಲಾರ ಹೊರು" ಎಂದೆ. ಪುಣ್ಯಾತಗಿತ್ತಿ, ಬಳೆಸರಗಳ ಆ ಹೊರೆಯನ್ನು ಹೆಗಲಿಗೇರಿಸಿಕೊಂಡು ಬಂದೇಬಿಟ್ಟಳು.

ಓದುವ ಮಗಳಿಗೆ ಮಲಾರ ಹೊರಿಸಿದ ಸಂಕಟವನ್ನೆಲ್ಲ ಬಸ್ಸಿನ ಡ್ರೈವರ್ ಬೋರಣ್ಣನ ಮೇಲೆ ಕಾರಿದೆ. "ಇವತ್ತು ಒಂದು ಬಳೆ ಒಡೀಲಿ, ನಿನ್ನ ಸುಮ್ನೆ ಬಿಡಂಗಿಲ್ಲ ನೋಡು!"

"ನಿಧಾನಕ್ಕೇ ಹೋಗ್ತೀನಿ, ಕೂಡ್ರಕ್ಕಾ."

ಹಾಗೇ ಹೋದ. ಲಾರಿಗಳೆಲ್ಲ ಹಾರ್ನ್ ಹೊಡೆದು ನಮ್ಮನ್ನು ದಾಟಿದವು. ದಾರಿಯಲ್ಲಿ ಬಾತಿ ಊರಿನ ಬಳಿ ಯಾರೋ ಕೈ ಮಾಡಿದರು, ಬೋರಣ್ಣ ಗಕ್ಕನೆ ಬ್ರೇಕು ಒತ್ತಿದ. ಮೇಲೆ ತೂಗುಹಾಕಿದ್ದ ನನ್ನ ಮಲಾರ ಕಂಬಿಗೆ ಬಡಿದು ಚಟಚಟ ಎಂದಿತು. ಹಾಳಾಗಿ ಹೋಯ್ತು!

"ಇಷ್ಟು ನಿಧಾನ ಬಂದ್ರೂ ಹೆಂಗೆ ಒಡೀತು?" ಬೋರಣ್ಣ ಕಂಗಾಲಾದ.

ಎಂಜಿನ್ ಪಕ್ಕ ಕೂತು ವೇಗದ ಮುಳ್ಳನ್ನೇ ನೋಡುತ್ತಿದ್ದ ಹಜೀರಾಬಿ ಬಾಯಿ ಬಿಟ್ಟಳು. "ಕಾಕಾ, ವೇಗ ಬಳೆ ಒಡೆಯಂಗಿಲ್ಲ. ವೇಗ ಒಮ್ಮಿಗೇ ಬದಲಾಗೋದು ಒಡೀತೈತೆ. ಮುಳ್ಳು ತಾಸಿಗೆ ಇಪ್ಪತ್ತು ಮೈಲಿ ತೋರಿಸ್ತಿತ್ತು. ಎರಡೇ ಸೆಕೆಂಡಿಗೆ ಸೊನ್ನೆಗೆ ತಂದ್ರಿ. ಇಪ್ಪತ್ತನ್ನ ಎರಡರಿಂದ ಭಾಗಿಸ್ರಿ, ಸೆಕೆಂಡಿಗೆ ಹತ್ತು ಮೈಲಿ ವೇಗ ಇಳೀತು. ಬೇಕಾದ್ರೆ ಮೂವತ್ತರಾಗೆ ಹೋಗ್ರಿ, ಆದ್ರೆ ಹತ್ತು ಸೆಕೆಂಡು ಎಣಿಸ್ತಾ ನಿಲ್ಲಿಸ್ರಿ. ಸೆಕೆಂಡಿಗೆ ಮೂರೇ ಮೈಲಿ ಇಳೀತೈತೆ."

"ಜೋರು ಹೋದ್ರೂ ಒಡೆಯಂಗಿಲ್ಲಂತೆ! ಓದಿ ಓದಿ ತಲಿ ಕೆಟ್ಟೈತೆ ಇದಕ್ಕೆ" ಎಂದು ರೇಗಿದೆ.

"ಇರ್ಲಿ ಅಕ್ಕಾ, ನೋಡೇ ಬಿಡಾಣ" ಎಂದ ಬೋರಣ್ಣ.

ಬಸ್ಸು ಓಡಿತು ನೋಡಿ! ಹೆದರಿ ಮಲಾರ ಎದೆಗವಚಿಕೊಳ್ಳಲು ಹೋದೆ. "ಅಲ್ಲೇ ಇರ್ಲಿ ಅಮ್ಮೀ" ಎಂದಳು ಮಗಳು. ಹರಿಹರದ ನಿಲ್ದಾಣ ಇನ್ನೂ ದೂರವಿರುವಾಗಲೇ ಬೋರಣ್ಣ ಬ್ರೇಕಿನ ಮೇಲೆ ಕಾಲಿಟ್ಟು "ಒಂದು... ಎರಡು..." ಎಂದು ಶುರುಮಾಡಿದ. ಬಸ್ಸಿನವರೆಲ್ಲ ನಗುತ್ತ ದನಿಗೂಡಿಸಿದರು. ಹತ್ತು ಎನ್ನುವಾಗ ಬಸ್ಸು ನಿಂತಿತ್ತು. ಮಲಾರ ಕಂಬಿಯನ್ನು ಮುಟ್ಟಿರಲಿಲ್ಲ.

ಹಜೀರಾಬಿ ಇಳಿದು ತನ್ನ ಮಲಾರವನ್ನು ಹೆಗಲಿಗೇರಿಸತೊಡಗಿದಳು. ಕಿತ್ತುಕೊಂಡೆ.

"ಕೊಡು ಇಲ್ಲಿ. ಇದೇ ಬಸ್ಸಿಗೆ ತಿರುಗಿ ಹೋಗು, ಮಧ್ಯಾಹ್ನದ ಕ್ಲಾಸಾದ್ರೂ ಸಿಗ್ತೈತೆ."

"ಫೀಸು ಅಮ್ಮೀ?"

"ಇನ್ನ ಮ್ಯಾಲೆ ಬಳೆ ಒಡೀದೆ ಉಳೀತಾವಲ್ಲ, ಮಾರ್ತೀನಿ. ಹತ್ತು, ಬಸ್ಸು ಹತ್ತು! ಅಳೋದಿದ್ರೆ ಬಸ್ಸಿನಾಗೆ ಕೂತು ಅಳು."