ನಾನು ಅಳಿಸಿದ ನಡಿಗೆ

ಅಧ್ಯಾಪಕನಾದವನು ತನ್ನ ಶಿಷ್ಯನ ಮೇಲೆ ಹೊಟ್ಟೆಕಿಚ್ಚುಪಡುವುದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ಇದನ್ನು ತರಗತಿಯಲ್ಲಿ ನಾನೇ ಅನೇಕ ಸಲ ಹೇಳಿದ್ದೇನೆ. ಆದುದರಿಂದ ನನ್ನ ತಪ್ಪಿಗೆ ತಿಳಿಯದೆ ಮಾಡಿದೆನೆಂಬ ನೆಪವಿಲ್ಲ.

೧೯೯೭ರಲ್ಲಿ ನಾನು ನವಿ ಮುಂಬಯಿಯ ನೆರೂಳಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಹಿರಿಯ ಉಪನ್ಯಾಸಕನಾಗಿದ್ದೆ. ಎಂಟು ವರ್ಷ ಡೊಂಬಿವಲಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಎರಡು ಕೈ, ಎರಡು ಕಾಲುಗಳ ಎದೆಯೆತ್ತರದ ಯಂತ್ರವೊಂದನ್ನು ನಡೆಸಲು ಹೆಣಗಿದ್ದೆ. ಯಾವ ಕೀಲು ಯಾವ ಕ್ಷಣದಲ್ಲಿ ಎಷ್ಟು ಬಾಗಬೇಕೆಂದು ಮೊದಲೇ ಲೆಕ್ಕ ಹಾಕಿಡುವುದು ನನ್ನ ಪದ್ಧತಿ. ನೆಲ ಸಮವಾಗಿದ್ದರೆ ಅದು ನಡೆಯುತ್ತಿತ್ತು. ಕಾಲಡಿಗೆ ಒಂದು ನೋಟ್‌ಬುಕ್ ಸಿಕ್ಕರೂ ಬೀಳುತ್ತಿತ್ತು.

ನನ್ನ ಹಳೆಯ ವಿದ್ಯಾರ್ಥಿ ಸುನಿಲ ಅಲ್ಲಿಗೇ ಉಪನ್ಯಾಸಕನಾಗಿ ಬಂದ. ಗುಲ್ಬರ್ಗದಿಂದ ಗಾರೆ ಕೆಲಸಕ್ಕೆಂದು ವಲಸೆ ಬಂದ ಮನೆಯವನು. ಆತ ನನ್ನ ಲೆಕ್ಕಗಳನ್ನು ವಿನಯದಿಂದಲೇ ಬದಿಗಿಟ್ಟ. ನಡೆಯುವಾಗ ಮೈಯ ಸಮತೋಲ ಕಾಯುವ ನಮ್ಮ ಕಿರುಮೆದುಳು ಮಾಡುವಂತೆ, ಇಟ್ಟ ಹೆಜ್ಜೆ ಎಣಿಸಿದ್ದಕ್ಕಿಂತ ಎಷ್ಟು ತಪ್ಪಿತೆಂದು ಯಂತ್ರವೇ ಅಳೆಯಬೇಕು, ಮುಂದಿನ ಹೆಜ್ಜೆಯನ್ನು ಅಷ್ಟಷ್ಟೇ ತಿದ್ದಿಕೊಳ್ಳಬೇಕು, ತಿದ್ದಿದ್ದನ್ನು ನೆನಪಿಟ್ಟುಕೊಳ್ಳಬೇಕು; ಇಷ್ಟೇ ಅವನ ಏರ್ಪಾಡು. ಆರು ವಾರ ಯಂತ್ರ ಬೀಳುತ್ತಲೇ ಇತ್ತು. ಆಮೇಲೊಂದು ದಿನ ಆರು ಕಿಲೋ ಮರಳಿನ ಚೀಲ ಹೊತ್ತು ಓರೆ ಹಲಗೆಯನ್ನು ಹತ್ತಿತು.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ನಾನೇ. ಸ್ಟಾಫ್ ರೂಮಿನಲ್ಲಿ ಮೋಹಿನಿ ಮೇಡಂ, "ಪುಂಡರೀಕಾಕ್ಷ ಸರ್, ನಿಮ್ಮ ಯಂತ್ರಕ್ಕೆ ಕೊನೆಗೂ ಮೆದುಳು ಬಂತಲ್ಲ" ಎಂದು ನಕ್ಕರು. ಅಂದು ನಾನು ಊಟದ ಡಬ್ಬಿ ಬಿಚ್ಚಲಿಲ್ಲ.

ಪ್ರಯೋಗಾಲಯವನ್ನು ಇನ್ನು ಯಾರ ಪದ್ಧತಿಗೆ ಒಪ್ಪಿಸಬೇಕೆಂದು ತೀರ್ಮಾನಿಸಲು ತಜ್ಞರ ಸಮಿತಿಯೊಂದು ಬರುವುದಿತ್ತು. ಆ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ಯಂತ್ರ ಕಲಿತದ್ದೆಲ್ಲ ತುಂಬಿದ್ದ ಫೈಲನ್ನು ಕಂಪ್ಯೂಟರಿನಿಂದ ಅಳಿಸಿದೆ. ನನ್ನ ಬಳಿಯಿದ್ದ ಕೀಲಿಯಿಂದ ಕಪಾಟು ತೆಗೆದು, ಫ್ಲಾಪಿಯಲ್ಲಿದ್ದ ಪ್ರತಿಯನ್ನೂ ಬಿಡಲಿಲ್ಲ. ಇಪ್ಪತ್ತು ವರ್ಷ ನೀತಿ ಬೋಧಿಸಿದ ನಾನು ಆಮೇಲೆ ಕೈ ತೊಳೆದುಕೊಂಡು ಊಟಕ್ಕೆ ಹೋದೆ.

ಮೂರು ಗಂಟೆಗೆ ಸಮಿತಿ ಬಂತು. ಸುನಿಲನ ತಾಯಿ ಚಂದ್ರಬಾಯಿಯೂ ಬಂದಿದ್ದರು. ಪಕ್ಕದ ಸೀವುಡ್ಸ್‌ನಲ್ಲಿ ಏಳುತ್ತಿದ್ದ ಕಟ್ಟಡದ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತಿದ್ದರು. ಮರಳಿನ ಚೀಲ ಹೊತ್ತ ಯಂತ್ರ ಹಲಗೆಯ ಮೇಲೆ ಒಂದೇ ಹೆಜ್ಜೆ ಇಟ್ಟು ಮುಗ್ಗರಿಸಿ, ಸೂರಿಗೆ ಕಟ್ಟಿದ್ದ ಹಗ್ಗದಲ್ಲಿ ಜೋತಾಡಿತು. ಇನ್ನೊಮ್ಮೆಯೂ ಹಾಗೆಯೇ ಆಯಿತು. ಸುನಿಲ ಕಂಪ್ಯೂಟರ್ ನೋಡಿದ, ಫ್ಲಾಪಿ ಹಾಕಿ ನೋಡಿದ, "ಕಲಿತದ್ದೆಲ್ಲಾ ಅಳಿಸಿ ಹೋಗ್ಯಾದ" ಎಂದ.

"ಪಾಪ, ಮರೆತಿರಬೇಕು ಮಾರಾಯ. ಯಂತ್ರ ಅಲ್ವಾ?" ಎಂದೆ, ಎಲ್ಲರಿಗೂ ಕೇಳುವಂತೆ.

ಆಗ ಚಂದ್ರಬಾಯಿ ಎದ್ದು ನಿಂತರು. "ಸುನ್ಯಾ, ಹೊಸಾ ಹೆಣ್ಮಗಳು ಕೆಲಸಕ್ಕ ಬಂದ್ರ ಮೊದಲ್ನೇ ದಿನಾನೇ ಉಸುಕು ತುಂಬಿದ ಘಮೇಲಾ ತಲಿಮ್ಯಾಲೆ ಹೊರಸ್ತೀವೇನು? ಅರ್ಧಾ ಹೊರಸು. ಕಾಲಿಗಿ ಹಲಗಿ ಗುರ್ತಾಗ್ಲಿ."

ಸುನಿಲ ಅರ್ಧ ಮರಳು ತೆಗೆದ. ಯಂತ್ರ ಓಲಾಡಿತು, ಬಿತ್ತು, ಮತ್ತೆ ನಿಂತಿತು. ಅದರ ಹೆಜ್ಜೆ ಗಟ್ಟಿಯಾದಂತೆಲ್ಲ ಆ ತಾಯಿ ಚೀಲಕ್ಕೆ ಒಂದೊಂದೇ ಹಿಡಿ ಮರಳು ಹಾಕುತ್ತ ಹೋದರು. ಆರು ವಾರ ಹಿಡಿದಿದ್ದ ಕೆಲಸ ಐವತ್ತು ನಿಮಿಷದಲ್ಲಿ ಮುಗಿಯಿತು. ಪೂರ್ತಿ ಭಾರ ಹೊತ್ತು ಯಂತ್ರ ಹಲಗೆಯ ತುದಿ ಮುಟ್ಟಿದಾಗ ತಜ್ಞರೆಲ್ಲ ಎದ್ದು ನಿಂತಿದ್ದರು. ಸುನಿಲನನ್ನು ಕೆಡವಲು ಹೋಗಿ, ಅವನ ಯಂತ್ರ ನಿಜಕ್ಕೂ ಕಲಿಯುತ್ತದೆಂಬುದಕ್ಕೆ ನಾನೇ ಸಾಕ್ಷಿ ಒದಗಿಸಿದ್ದೆ. ಹೊಟ್ಟೆಯ ಉರಿ ಇಮ್ಮಡಿಯಾಯಿತು.

ಸಮಿತಿಯ ಅಧ್ಯಕ್ಷ ಹರಿಶ್ಚಂದ್ರ ನನ್ನತ್ತ ತಿರುಗಿದರು. "ಕಲಿಯೋದನ್ನ ನಮ್ಮ ಕಣ್ಣೆದುರಿಗೇ ತೋರಿಸೋಣ ಅಂತ ಬೇಕಂತಲೇ ಅಳಿಸಿದ್ರಾ? ಹಿರಿಯರು ನೀವೇ ಹೇಳಿಕೊಟ್ಟಿರಬೇಕು."

ಒಮ್ಮೆ ತಲೆಯಾಡಿಸಿದ್ದರೆ ಅರ್ಧ ಕೀರ್ತಿ ನನ್ನದಾಗುತ್ತಿತ್ತು. ತಲೆಯಾಡಿಸುವವನಿದ್ದೆ. ಚಂದ್ರಬಾಯಿ ನೆಲಕ್ಕೆ ಚೆಲ್ಲಿದ ಮರಳನ್ನು ಅಂಗೈಯಿಂದ ಗುಡಿಸುತ್ತ, ನನ್ನನ್ನು ದೊಡ್ಡವರೆಂದು ಗೌರವದಿಂದ ನೋಡುತ್ತಿದ್ದರು. ಆ ಗೌರವವನ್ನು ಕದಿಯಲು ನನ್ನಿಂದಾಗಲಿಲ್ಲ.

"ಅಲ್ಲ," ಎಂದೆ. "ಇವನು ಸೋಲಲಿ ಅಂತ ಅಳಿಸಿದೆ."

ಸುನಿಲ ನನ್ನ ಹತ್ತಿರ ಬಂದ. ಏಕವಚನಕ್ಕಿಳಿಯುತ್ತಾನೆಂದು ಕಾದೆ, ಇಳಿಯಲಿಲ್ಲ.

"ಸರ್, ಲ್ಯಾಬಿನ ಕೀಲಿ ಕೊಡ್ರಿ."

ಕೈಗೆ ಕೊಡುವ ಧೈರ್ಯವಾಗದೆ ಮೇಜಿನ ಮೇಲಿಟ್ಟೆ.

"ಕಪಾಟಿಂದೂ," ಎಂದ. ಗೊಂಚಲಿನಿಂದ ಅದನ್ನೂ ಬಿಡಿಸಿದೆ.